ಕ್ಲಚ್ಚಿಗೆ ಹಚ್ಚಿದ ವಿಭೂತಿ

"ಲೇ ರಾಜಮಹ್ಮದ, ನಿನ್ನ ಮೊಣಕಾಲ ಕೆಳಗ ಇರೂದು ಪಾದ ಅಲ್ಲೋ, ಗೊರಸು! ನಿಮ್ಮಪ್ಪ ಟಾಂಗಾಕ್ಕ ಕುದರಿ ಯಾಕ ತಂದಾನ? ನಿನ್ನ ಹೂಡಿದ್ರ ಸಾಕಾಗಿತ್ತು!"

ಶಿವಬಸವ್ವ ಈ ಮಾತನ್ನು ಮನೆಯೊಳಗೆ ಆಡಿದ್ದರೆ ಬೇರೆ. ಇಳಕಲ್ಲಿನ ನಡುಪೇಟೆಯಲ್ಲಿ, ಸಂತೆಯ ದಿನ, ಸೀರೆ ಅಂಗಡಿಗಳ ಕಟ್ಟೆ ತುಂಬ ಜನ ಕೂತಿದ್ದಾಗ, ಮೋಟಾರಿನ ಹಿಂದಿನ ಸೀಟಿನಲ್ಲಿ ಎದ್ದು ನಿಂತು ಆಡಿದಳು. ಹಾಗೆ ಆಡುವುದಕ್ಕೆ ಕಾರಣವೂ ಇತ್ತು. ಒಂದು ಗಳಿಗೆಯ ಹಿಂದೆ ಮೋಟಾರು ಕಪ್ಪೆಯಂತೆ ಕುಪ್ಪಳಿಸಿ ಮುಂದೆ ಹಾರಿ, ಕೆಮ್ಮಿ, ಸತ್ತು ನಿಂತಿತ್ತು. ಆಕೆಯ ಎಲೆಅಡಿಕೆಯ ಸಂಚಿ ಹಾರಿ ಬಿದ್ದು, ಅಡಿಕೆ ಚೂರೆಲ್ಲ ಗಾಲಿಯ ಕೆಳಗೆ ಉರುಳಿದ್ದವು. ತಲೆಯ ಮೇಲಿನ ಸೆರಗು ಜಾರಿ, ಮದುವೆಯಾದಂದಿನಿಂದ ಊರು ಕಾಣದ ಆಕೆಯ ಕೂದಲನ್ನು ಅಂದು ಇಡೀ ಊರು ಕಂಡಿತ್ತು.

ಕಟ್ಟೆಯ ಮೇಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಪ್ಪಸದ ಖಣ ಮಾರುವ ಬಸಯ್ಯನಂತೂ "ಗೊರಸು, ಗೊರಸು" ಎಂದು ಎರಡು ಸಲ ಅಂದು, ಮಾತಿನ ರುಚಿ ನೋಡಿದ.

ರಾಜಮಹ್ಮದನಿಗೆ ಕಿವಿಯ ತುದಿಯವರೆಗೆ ಬೆಂಕಿ ಹತ್ತಿತು. ಅವನಿಗೆ ಸಿಟ್ಟು ಬರುವುದಕ್ಕೆ ಹೊತ್ತೇ ಬೇಕಿರಲಿಲ್ಲ. ಸಾಲಿಯಲ್ಲಿ ಮಾಸ್ತರರು ಬಳಪದಿಂದ ಹೊಡೆದಾಗ, ಅದೇ ಬಳಪ ಎತ್ತಿ "ನಿಮ್ಮ ಲೆಕ್ಕಾನ ತಪ್ಪೈತ್ರಿ" ಎಂದು ಹಲಗೆಯ ಮೇಲೆ ಗೀಟು ಎಳೆದು ಹೊರಬಿದ್ದವನು ಅವನು. ತಿರುಗಿ ಆ ಬಾಗಿಲು ತುಳಿದಿರಲಿಲ್ಲ. ಈಗಲೂ ಸ್ಟೇರಿಂಗಿನ ಮೇಲಿಂದ ಕೈ ತೆಗೆಯದೆ, ಕತ್ತು ಮಾತ್ರ ತಿರುಗಿಸಿ ಅಂದ:

"ಗೊರಸು ಖರೇನ ಇದ್ದಿದ್ರ, ಅವ್ವಾರ, ಹಿಂದ ಕೂತವ್ರಿಗೆ ಇಷ್ಟೊತ್ತಿಗೆ ಒಂದು ಒದಿಕಿ ಬಿದ್ದಿರ್ತಿತ್ತು."

ನಗೆ ನಿಂತಿತು. ಅಂಗಡಿಯ ಮೆಟ್ಟಿಲು ಇಳಿದು ಶಂಕ್ರಪ್ಪ ಬಂದ. ಮೋಟಾರು ಅವನದು, ಅಂಗಡಿ ಅವನದು, ಹಿಂದೆ ಕೂತವಳು ಅವನ ತಾಯಿ. ದನಿ ಏರಿಸುವ ಮನುಷ್ಯನಲ್ಲ ಅವನು.

"ರಾಜಾ, ನಾಳೆ ಅಮಾಸಿ. ನಾಡದ ಅವ್ವ ಬದಾಮಿಗೆ ಹೋಗ್ತಾಳ. ನಮ್ಮ ತಂಗಿ ಸಂಗವ್ವನ ಕೂಸಿನ್ನ ತೊಟ್ಟಲದಾಗ ಹಾಕೂದೈತಿ. ಬಾಗಲಕೋಟಿ ಟೇಸನ್ನಿನ್ಯಾಗ ಮಧ್ಯಾಹ್ನದ ಗಾಡಿ ಸಿಗಬೇಕು. ಹಾದ್ಯಾಗ ಮೋಟಾರ ಒಮ್ಮಿ ಜಿಗೀಲಿ, ಒಮ್ಮಿ ನಿಂದರ್ಲಿ, ನೀ ಇಳದು ನಿಮ್ಮಪ್ಪನ ಟಾಂಗಾ ಹೊಡಿ. ಗದಗಿನ್ಯಾಗ ಒಬ್ಬ ಡ್ರೈವರ್ ಕರದ್ರ ಬರ್ತೇನಿ ಅಂದಾನ."

ರಾಜಮಹ್ಮದನ ಬಾಯಿ ಅಷ್ಟಕ್ಕೇ ಮುಚ್ಚಿತು. ಆ ಮೋಟಾರಿನ ಮುಂದಿನ ಸೀಟು ಬಿಟ್ಟರೆ ಜಗತ್ತಿನಲ್ಲಿ ಅವನಿಗೆ ಬೇರೇನೂ ಬೇಕಿರಲಿಲ್ಲ.

ಮೋಟಾರು ಸೊಲ್ಲಾಪುರದಿಂದ ಬಂದದ್ದು. ಯಾರೋ ಮಿಲ್ಲಿನ ಸಾಹೇಬರು ಹತ್ತಿ ಹತ್ತಿ ಬೇಸತ್ತು ಮಾರಿದ್ದು. ಅದರ ಜೊತೆಗೆ ಅಹ್ಮದಸಾಬ ಎಂಬ ಮುದಿ ಡ್ರೈವರ್ ಬಂದು, ರಾಜಮಹ್ಮದನಿಗೆ ಕಲಿಸಿ, ತಿರುಗಿ ಹೋಗಿದ್ದ. ಆ ಮುದುಕ ಕಲಿಸಿದ ರೀತಿಯೇ ಬೇರೆ. ಮೊದಲ ದಿನ ಸ್ಟೇರಿಂಗ್ ಮುಟ್ಟಿಸಲೇ ಇಲ್ಲ. ಬಯಲಿಗೆ ಕರೆದುಕೊಂಡು ಹೋಗಿ, "ನೀ ಇಲ್ಲೇ ನಿಂದರು, ನಾ ಓಡಿ ಬರ್ತೇನಿ" ಎಂದ. ಓಡುತ್ತ ಬಂದವನೇ ರಾಜಮಹ್ಮದನ ಕೈಯನ್ನು ಗಪ್ಪನೆ ಹಿಡಿದು ಎಳೆದ. ಹುಡುಗ ಮೂಗು ಮುಂದಾಗಿ ಮಣ್ಣಿಗೆ ಬಿದ್ದ.

"ಇದ ಕ್ಲಚ್ಚು," ಎಂದ ಅಹ್ಮದಸಾಬ, ಏದುಸಿರು ಬಿಡುತ್ತ. "ಇಂಜನ್ನು ಓಡೂ ಮನಿಶಾ. ಗಾಲಿ ನಿಂತ ಮನಿಶಾ. ಓಡಾಂವ ನಿಂತಾಂವನ ಕೈ ಹಿಡದು ಕರಕೊಂಡು ಹೋಗಬೇಕು. ಗಪ್ಪನ ಹಿಡದ್ರ ನಿಂತಾಂವನ ರಟ್ಟಿ ಕಿತ್ತು ಬರ್ತೈತಿ. ಕೈಗೆ ಎಣ್ಣಿ ಹತ್ತಿದ್ರ ಜಾರಿ, ಓಡಾಂವ ಒಬ್ಬನ ಓಡ್ತಾನ. ಬೆರಳು ತಾಗಸು, ಅಂಗೈ ತಾಗಸು, ಆಮ್ಯಾಲ ಬಿಗಿ ಹಿಡಿ."

ಆಮೇಲೆ ಮೋಟಾರಿನ ಕಾಲಡಿಯ ಹಲಗೆ ಎತ್ತಿ ತೋರಿಸಿದ್ದ. ಒಳಗೆ ಬುಗುರಿಯಂಥ ಒಂದು ಕಬ್ಬಿಣ, ಅದರ ಸುತ್ತ ಚರ್ಮದ ಪಟ್ಟಿ. ಪೆಡಲು ತುಳಿದರೆ ಬುಗುರಿ ತನ್ನ ಗೂಡಿನಿಂದ ಹಿಂದೆ ಸರಿಯುತ್ತದೆ, ಕೈ ಬಿಟ್ಟಂತೆ. ಆಗ ಗೇರು ಬದಲಿಸಬೇಕು. ಪೆಡಲು ಬಿಟ್ಟರೆ ಬುಗುರಿ ಗೂಡಿಗೆ ಕೂರುತ್ತದೆ, ಚರ್ಮ ಕಬ್ಬಿಣವನ್ನು ಹಿಡಿಯುತ್ತದೆ, ಮೋಟಾರು ನಡೆಯುತ್ತದೆ. ಪೂರಾ ತುಳಿಯದೆ ಗೇರು ಬದಲಿಸಿದರೆ ಒಳಗಿನ ಹಲ್ಲುಗಳು ಕಟಕಟ ಕಡಿಯುತ್ತವೆ. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ರಾಜಮಹ್ಮದನ ಮೂಗಿನ ತೊಗಲು ಬಹಳ ಸಲ ಕಿತ್ತಿತ್ತು.

ಹಾಗಾದರೆ ಈಗ ಏನಾಗಿದೆ? ಕಾಲು ಅದೇ ಕಾಲು. ಬೆರಳು, ಅಂಗೈ ಎಂದು ಎಷ್ಟು ಮೆಲ್ಲಗೆ ಬಿಟ್ಟರೂ ಮೋಟಾರು ಜಿಗಿಯುತ್ತದೆ. ಕೆಲವು ದಿನ ಜಿಗಿತ, ಇನ್ನು ಕೆಲವು ದಿನ ಬರೀ ಜಾರಾಟ. ಮೋಟಾರಿಗೂ ಗಾಳಿ ಹೊಕ್ಕೀತೇ?

ಅಂದು ಸಂಜೆಯೇ ಅವನು ಹಲಗೆ ಎತ್ತಿ ಕೂತ. ಹಲಗೆಗೆ ಚಿಲಕದ ಕೊಂಡಿ ಇತ್ತು, ಬೀಗ ಇರಲಿಲ್ಲ. ಸಾಹೇಬರ ಕಾಲದಲ್ಲೇ ಎಲ್ಲೋ ಕಳೆದಿತ್ತು. ಕ್ಲಚ್ಚಿನ ಚರ್ಮ ಕರ್ರಗೆ ಮಿಂಚುತ್ತಿತ್ತು. ಏನು ಮಾಡುವುದೆಂದು ತಿಳಿಯದೆ ಅಪ್ಪನನ್ನು ಕರೆತಂದ.

ಖಾಸಿಂಸಾಬ ಮೋಟಾರಿನ ಹತ್ತಿರ ಬರುವವನೇ ಅಲ್ಲ. ಅದರ ವಾಸನೆ ತನ್ನ ಅಂಗಿಗೆ ಹತ್ತಿದರೆ ಕುದುರೆ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ. ಆದರೂ ಬಗ್ಗಿ, ಕೈ ಒಳಗೆ ಹಾಕಿ, ಚರ್ಮವನ್ನು ಉಗುರಿನಿಂದ ಬಡಿದ. ಟಣ್ ಎಂದಿತು.

"ಬೇಟಾ, ಇದು ಚರ್ಮ ಅಲ್ಲ, ಹಂಚು. ಯಾವ ಬೇಕೂಫ ಇದಕ್ಕ ಎಣ್ಣಿ ಸುರದು ಸುಟ್ಟಾನ?"

"ನಾ ಸುರದಿಲ್ಲ ಅಬ್ಬಾ."

"ಮತ್ತ ಜಿನ್ನು ಸುರೀತೇನು? ಎಣ್ಣಿ ಕಾದು ಅಂಟಾಗಿ, ಅಂಟು ಒಣಗಿ ಹಂಚಾಗೈತಿ. ನಮ್ಮ ಕುದರಿ ಲಗಾಮಿಗೆ ಹಿಂಗ ಮಾಡಿದ್ರ ಅದರ ಬಾಯಿ ಹರದು ಹೋಗ್ತಿತ್ತು."

ಅಪ್ಪ ಮಗ ಕೂಡಿ ಬಿಸಿನೀರಿನ ಅರಿವೆಯಿಂದ ಆ ಹಳೆಯ ಅಂಟನ್ನು ತಿಕ್ಕಿ ತೆಗೆದರು. ಆಮೇಲೆ ಖಾಸಿಂಸಾಬ ಲಗಾಮಿಗೆ ಹಚ್ಚುವ ಔಡಲೆಣ್ಣೆಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು, ಚರ್ಮಕ್ಕೆ ಕಣ್ಣಿಗೆ ಕಾಡಿಗೆ ಹಚ್ಚಿದಷ್ಟೇ ಹಗುರಾಗಿ ಹಚ್ಚಿದ. "ಎಣ್ಣಿ ಒಳಗ ಇರಬೇಕು. ಮ್ಯಾಲ ಬೆರಳಿಗೆ ಹತ್ತಬಾರ್ದು," ಎಂದು ಹೇಳಿ, ಕೈಯನ್ನು ಬೂದಿಯಲ್ಲಿ ತೊಳೆದುಕೊಂಡು, ಕುದುರೆಗೆ ಅನುಮಾನ ಬರದಂತೆ ಸುತ್ತು ಹಾಕಿ ಮನೆಗೆ ಹೋದ.

ಮರುದಿನ ಮುಂಜಾನೆ ರಾಜಮಹ್ಮದ ಮೋಟಾರು ಹೊರಡಿಸಿದ. ಪೆಡಲು ಬಿಟ್ಟ. ಮೋಟಾರು ನಡೆಯಿತೋ ಇಲ್ಲವೋ ತಿಳಿಯಲಿಲ್ಲ, ಅಷ್ಟು ಮೆತ್ತಗೆ ಎದ್ದಿತು. ನೇಕಾರರ ಓಣಿಗಳಲ್ಲಿ ಲಾಳಿಯ ಸದ್ದಿನ ನಡುವೆ ಎರಡು ಸುತ್ತು ಹೊಡೆದ. ಎದುರಿಗೆ ಬಂದ ಅಪ್ಪನ ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಬಿಸಿಲೇರುವ ಮೊದಲೇ ಶಂಕ್ರಪ್ಪನ ಮನೆಯ ಹಿತ್ತಲಿನ ತಗಡಿನ ಕೆಳಗೆ ಮೋಟಾರು ನಿಲ್ಲಿಸಿ, ಸಿಳ್ಳು ಹಾಕುತ್ತ ಮನೆಗೆ ನಡೆದ. ಇನ್ನು ಗದಗಿನವನು ಗದಗಿನಲ್ಲೇ ಇರಲಿ.

ಅಮಾವಾಸ್ಯೆ ಕಳೆಯಿತು. ಮರುದಿನ ಹೊರಡುವಾಗ ಮೋಟಾರಿನ ಮೂತಿಗೆ ಚೆಂಡುಹೂವಿನ ಮಾಲೆ, ಕಣ್ಣಿಗೆ ಕುಂಕುಮ, ಗಾಲಿಯ ಕೆಳಗೆ ಲಿಂಬೆಹಣ್ಣು ಇದ್ದವು. ಪ್ರತಿ ಅಮಾಸಿಗೆ ಶಿವಬಸವ್ವ ಮಾಡುವ ಪೂಜೆ. ರಾಜಮಹ್ಮದ ಅದನ್ನು ನೋಡಿದ, ಲಿಂಬೆಹಣ್ಣು ಒಡೆದು ಹೊರಟ. ಹಿಂದೆ ಶಿವಬಸವ್ವ, ಕೂಸಿಗೆ ಕುಂಚಿಗೆ, ಬೆಳ್ಳಿಯ ಉಡದಾರ, ಉಂಡಿಯ ಡಬ್ಬಿ. ಪಕ್ಕದಲ್ಲಿ ಬದಾಮಿಗೇ ಖಣ ಮಾರಲು ಹೊರಟ ಬಸಯ್ಯ. ಮುಂದೆ, ಡ್ರೈವರನ ಮಗ್ಗುಲಿಗೆ ಶಂಕ್ರಪ್ಪ. ಅವನ ಕಣ್ಣು ಹಾದಿಯ ಮೇಲಿರಲಿಲ್ಲ, ರಾಜಮಹ್ಮದನ ಎಡಗಾಲ ಮೇಲಿತ್ತು.

ಹುನಗುಂದದವರೆಗೆ ಮೋಟಾರು ರೇಷ್ಮೆಯ ಮೇಲೆ ಬೆರಳು ಆಡಿಸಿದ ಹಾಗೆ ಹೋಯಿತು.

"ಅವ್ವಾ, ಗೊರಸು ಸವದಂಗ ಕಾಣ್ತೈತಿ," ಎಂದ ಬಸಯ್ಯ.

"ನಾ ಬೈದದ್ದಕ್ಕ ಸವದೈತಿ," ಎಂದಳು ಶಿವಬಸವ್ವ.

ರಾಜಮಹ್ಮದ ಹಲ್ಲು ಕಚ್ಚಿ ಹಾರ್ನು ಒತ್ತಿದ. ಹಾದಿಯಲ್ಲಿ ಯಾರೂ ಇರಲಿಲ್ಲ.

ಹುನಗುಂದ ದಾಟಿ ಬಿಸಿಲೇರುತ್ತ ಬಂದಂತೆ ಅವನಿಗೆ ಏನೋ ಅನುಮಾನ ಶುರುವಾಯಿತು. ಇಂಜನ್ನಿನ ದನಿ ಏರುತ್ತದೆ, ಓಟ ಏರುವುದಿಲ್ಲ. ಓಡುವವನು ಎಳೆಯುತ್ತಾನೆ, ನಿಂತವನ ಕೈ ಸಣ್ಣಗೆ ಜಾರುತ್ತದೆ. ಅವನು ಯಾರಿಗೂ ಹೇಳಲಿಲ್ಲ. ಒಣಗಿದ ಹೊಳೆಯ ಪಾತ್ರ ದಾಟಿ ಕಮತಗಿಯ ಕಡೆಯ ಏರು ಹತ್ತುವಾಗ ಮೋಟಾರೇ ಹೇಳಿಬಿಟ್ಟಿತು. ಇಂಜನ್ನು ಹುಲಿಯಂತೆ ಗರ್ಜಿಸಿತು. ಗಾಲಿಗಳು ಊಟಕ್ಕೆ ಕೂತ ಅತ್ತೆಯಂತೆ ಕೂತಲ್ಲೇ ಕೂತವು. ಕಡೆಗೆ ಮೋಟಾರು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದಾಗ ಬಸಯ್ಯ ಖಣದ ಗಂಟು ಅಪ್ಪಿಕೊಂಡು ಹಾರಿಕೊಂಡ. ರಾಜಮಹ್ಮದ ಬ್ರೇಕು ಹಾಕಿ ಗಾಲಿಗೆ ಕಲ್ಲು ಕೊಟ್ಟ.

ಹತ್ತಿಯ ಅಂಡಿಗೆ ಹೇರಿದ ಎತ್ತಿನ ಗಾಡಿಯೊಂದು ಪಕ್ಕದಲ್ಲೇ ದಾಟಿ ಹೋಯಿತು. ಗಾಡಿಯವನು ಕೇಳಿದ: "ಏನ್ ಸಾವಕಾರ್ರ, ಮೋಟಾರಿಗೆ ದನಿ ಭಾಳ ಛಲೋ ಐತಿ. ಹಾಡೂದಷ್ಟ ಮಾಡ್ತೈತೋ, ನಡಿಯೂದೂ ಉಂಟೋ?"

ಶಂಕ್ರಪ್ಪ ಕೋಟಿನ ಗುಂಡಿ ಹಾಕಿಕೊಂಡು ಇಳಿದ. "ಆತು ಬಿಡು ರಾಜಾ," ಎಂದ. "ಗದಗಿನವನಿಗೆ ಹೇಳಿ ಕಳಸ್ತೇನಿ. ಈಗ ಎತ್ತಿನ ಗಾಡಿ ಯಾವುದರ ಸಿಗ್ತೈತೇನು ನೋಡು, ಅವ್ವನ್ನ ಕಳಸೂಣು."

"ಗಾಡ್ಯಾಗ ಹ್ವಾದ್ರ ಕೂಸಿಗೆ ಗಡ್ಡಾ ಬಂದಿರ್ತೈತಿ," ಎಂದಳು ಶಿವಬಸವ್ವ, ಜಾಲಿಯ ಗಿಡದ ನೆರಳಿಗೆ ಕೂರುತ್ತ.

ರಾಜಮಹ್ಮದನಿಗೆ ನೆಲ ಬಾಯಿ ತೆರೆದಂತಾಯಿತು. ಎಣ್ಣೆ ಹೆಚ್ಚಾಯಿತು, ನಾನೇ ಹಾಳು ಮಾಡಿದೆ, ಅಪ್ಪ ಹಚ್ಚಿದ್ದು ಸಾಲದೆಂದು ನಾನೇ ಇನ್ನೊಂದು ಬೆರಳು ಹಚ್ಚಿದೆನೇ? ಇಲ್ಲವಲ್ಲ! ಮಂಡಿಯೂರಿ ಹಲಗೆ ಎತ್ತಿದ. ಕ್ಲಚ್ಚು ಎಣ್ಣೆಯಲ್ಲಿ ಮಿಂದು ಕೂತಿತ್ತು. ಚರ್ಮದಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಬೆರಳು ಅದ್ದಿ ಮೂಗಿಗೆ ಹಿಡಿದ.

ಇದು ಔಡಲೆಣ್ಣೆಯಲ್ಲ. ಕುಸುಬೆ ಎಣ್ಣೆ. ಬೆರಳಿಗೆ ಅರಿಷಿಣದ ಬಣ್ಣ ಹತ್ತಿತ್ತು. ಮೂಲೆಯಲ್ಲಿ ನಾಲ್ಕಾರು ಅಕ್ಕಿಕಾಳು, ಒಂದು ಚೆಂಡುಹೂವಿನ ಎಸಳು.

ಅಕ್ಷತೆ!

ಅವನ ತಲೆಯೊಳಗೆ ಎಲ್ಲವೂ ಒಂದರ ಹಿಂದೊಂದು ಬಂದು ಕೂತವು. ಗಾಡಿಯ ಅಚ್ಚಿಗೆ ಎಣ್ಣೆ ಹಾಕಿದಂತೆ ಈ ಮುದುಕಿ ಪ್ರತಿ ಅಮಾಸಿಗೆ ಹಲಗೆ ಎತ್ತಿ, ಮೋಟಾರಿನ ಹೊಟ್ಟೆಗೆ ಗಿಂಡಿಗಟ್ಟಲೆ ಎಣ್ಣೆ ಸುರಿದು ಕೈ ಮುಗಿಯುತ್ತಿದ್ದಾಳೆ. ಅಮಾಸಿಯ ಮರುದಿನ ಜಾರಾಟ. ಎಣ್ಣೆ ಕಾದು ಅಂಟಾದ ಮೇಲೆ ಜಿಗಿತ. ಎರಡಕ್ಕೂ ಹೆಸರು ರಾಜಮಹ್ಮದನ ಗೊರಸು!

ಮಾತು ಬಾಯಿಗೆ ಬಂದೇಬಿಟ್ಟಿತು. ಒಂದಲ್ಲ, ಸಾಲುಗಟ್ಟಿ ಬಂದವು. ಪೇಟೆಯ ಜನ ಇಲ್ಲದಿದ್ದರೇನು, ಬಸಯ್ಯ ಇದ್ದಾನೆ, ಅವನೊಬ್ಬ ಇದ್ದರೆ ಇಡೀ ಇಳಕಲ್ಲಿಗೆ ಡಂಗುರ ಹೊಡೆದಂತೆ. ರಾಜಮಹ್ಮದ ಎಣ್ಣೆಗೈಯಲ್ಲೇ ಎದ್ದು ನಿಂತು ಮುದುಕಿಯ ಕಡೆ ತಿರುಗಿದ.

ಶಿವಬಸವ್ವ ಬೆವರು ಒರೆಸಿಕೊಂಡು, ಸಂಚಿಯಿಂದ ವಿಭೂತಿಯ ಗಟ್ಟಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಗೀಟು ಅಳಿಸಿಹೋದ ಹಣೆಗೆ ಹೊಸದಾಗಿ ಹಚ್ಚಿಕೊಳ್ಳುತ್ತಿದ್ದಳು. ಬೆವರಿದ ಹಣೆ ನೋಡನೋಡುತ್ತ ಒಣಗಿ ಬೆಳ್ಳಗಾಯಿತು.

ಅವನು ಬಾಯಿ ಮುಚ್ಚಿದ. ಅಪ್ಪ ಎಣ್ಣೆಯ ಕೈಯನ್ನು ಬೂದಿಯಲ್ಲಿ ತಿಕ್ಕಿಕೊಂಡದ್ದು ನೆನಪಾಯಿತು. ಈಗ ಬೈದರೆ ಗೆಲ್ಲುವುದು ಬಾಯಿ ಒಂದೇ. ಸೀಟು ಹೋಗುತ್ತದೆ. ಬಂದ ಮಾತನ್ನೆಲ್ಲ ನುಂಗಿದ. ಮೆಣಸಿನಕಾಯಿ ನುಂಗಿದಂತೆ ಕಣ್ಣಲ್ಲಿ ನೀರು ಬಂತು.

"ಅವ್ವಾರ," ಎಂದ, "ನಿಮ್ಮ ವಿಭೂತಿ ಬೇಕಾಗಿತ್ರಿ."

"ನಿನಗ್ಯಾಕೋ?"

"ನನಗಲ್ಲರಿ, ಮೋಟಾರಿಗೆ. ಒಳಗಿನ ಚರ್ಮಕ್ಕ ಹಚ್ಚಬೇಕು. ಎಣ್ಣಿ ಹೀರಬೇಕು."

ಬಸಯ್ಯ ಹುಬ್ಬು ಏರಿಸಿದ. "ಚರ್ಮಕ್ಕ ವಿಭೂತಿ ಹಚ್ಚಾಂವ ಏನೋ ನೀ?"

"ಡೊಳ್ಳಿಗೆ ನೀವ ಹಚ್ತೀರಲ್ರಿ ಅಯ್ಯಾರ, ಅದೇನು ಕಟ್ಟಿಗೀದೇನ್ರಿ?"

ಶಿವಬಸವ್ವ ತನ್ನ ಮುಂಗೈಯನ್ನು ತಾನೇ ಚಿವುಟಿ ನೋಡಿಕೊಂಡಳು. "ಬಸಯ್ಯಾ, ನಮ್ಮ ಮೈಮ್ಯಾಲಿಂದೂ ಚರ್ಮನ ಐತಿ. ಸುಮ್ಕಿರು," ಎಂದು ಎದ್ದಳು. "ತಗೋ ರಾಜಾ. ಎಷ್ಟು ಬೇಕು? ಕೂಸಿಗೆ ಅಂತ ಇಟ್ಟ ಗಟ್ಟೀನೂ ಐತಿ."

"ಇನ್ನೊಂದು ಕೆಲಸ ಆಗಬೇಕ್ರಿ. ನಾ ಒಳಗ ಒರಸೂತನಾ ಯಾರರ ಈ ಪೆಡಲು ತುಳದು ಹಿಡೀಬೇಕು."

ಶಂಕ್ರಪ್ಪನಿಗೆ ಕೋಟು ಹೊಲಸಾಗುವ ಚಿಂತೆ. ಬಸಯ್ಯನಿಗೆ ಮೋಟಾರು ಹಿಂದಕ್ಕೆ ಹರಿದೀತೆಂಬ ಅಂಜಿಕೆ. ಶಿವಬಸವ್ವ ಚಪ್ಪಲಿ ಬಿಟ್ಟು, ಪೂಜೆ ಮಾಡಿದ ಮೋಟಾರಿಗೆ ಒಮ್ಮೆ ಕೈ ಮುಗಿದು, ಡ್ರೈವರನ ಸೀಟಿಗೆ ಹತ್ತಿ ಕೂತಳು. ಮೊದಲ ಸಲ ತುಳಿದಾಗ ಪೆಡಲು ಅಲುಗಲೇ ಇಲ್ಲ. ಸೀರೆಯ ನೆರಿಗೆ ಸಿಕ್ಕಿಸಿ, ಸ್ಟೇರಿಂಗ್ ಹಿಡಿದು, ಎರಡೂ ಕಾಲಿನಿಂದ ತುಳಿದಳು.

"ಹಿಡೀರಿ ಅವ್ವಾರ, ಬಿಟ್ಟ್ರ ನನ್ನ ಬೆರಳು ಹೋಗ್ತಾವ!"

"ಹಿಡದೇನೋ! ಯಪ್ಪಾ, ಏನಿದು, ಜ್ವಾಳ ಬೀಸೂ ಕಲ್ಲ? ದಿನಾ ಇದನ್ನ ತುಳೀತೀ ಏನೋ?"

"ಹೂಂನ್ರಿ."

"ಇದಕ್ಕ ಎತ್ತಿನ ಕಾಲು ಬೇಕೋ ಮಾರಾಯಾ!"

ರಾಜಮಹ್ಮದನಿಗೆ ಇದಕ್ಕೂ ಒಂದು ಉತ್ತರ ಹೊಳೆಯಿತು. ಅದನ್ನೂ ನುಂಗಿದ. ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಚರ್ಮವನ್ನು ತಿಕ್ಕಿ ತಿಕ್ಕಿ ಒರೆಸಿದ. ಗಾಳಿಗೆ ಒಣಗಿದ ಮೇಲೆ ವಿಭೂತಿಯ ಪುಡಿಯನ್ನು ಸುತ್ತಲೂ ಉದುರಿಸಿ ಸವರಿದ, ಹೆಚ್ಚಾದದ್ದನ್ನು ಊದಿ ತೆಗೆದ. ಮೇಲಿಂದ ಮುದುಕಿ "ಮೂರು ಬೆರಳಿಲೆ ಹಚ್ಚೋ, ಮೂರು ಬೆರಳಿಲೆ" ಎಂದು ಒದರುತ್ತಲೇ ಇದ್ದಳು. ಅವನು ಮೂರು ಬೆರಳಿನಿಂದಲೇ ಹಚ್ಚಿದ.

"ಸಾವಕಾರ್ರ," ಎಂದ ಎದ್ದು, ಮುಖ ಕೈ ಎಲ್ಲ ಕರಿಬಿಳಿಯಾಗಿ. "ಮೋಟಾರ ನಿಂತಿದ್ದು ಖರೆ. ಟೇಸನ್ನು ಮುಟ್ಟಸ್ತೇನಿ. ಆಮ್ಯಾಲ ಗದಗಿನವನ್ನ ಕರಸ್ರಿ, ಬೇಡ ಅನ್ನಾಂವಲ್ಲ."

ಶಂಕ್ರಪ್ಪ ಹತ್ತಿ ಕೂತ.

ಹ್ಯಾಂಡಲು ತಿರುವಿದ. ಇಂಜನ್ನು ಎದ್ದಿತು. ಏರಿನ ನಡುವೆ, ಕಲ್ಲು ಕೊಟ್ಟ ಗಾಲಿ, ತುಂಬಿದ ಮೋಟಾರು. ರಾಜಮಹ್ಮದ ಪೆಡಲು ತುಳಿದು, ಗೇರು ಹಾಕಿ, ಉಸಿರು ಹಿಡಿದ. ಬೆರಳು ತಾಗಲಿ. ತಾಗಿತು. ಅಂಗೈ ತಾಗಲಿ. ಮೋಟಾರು ಸಣ್ಣಗೆ ನಡುಗಿತು. ಈಗ ಬಿಗಿ ಹಿಡಿ! ಮೋಟಾರು ಏರಿಗೆ ಎದೆ ಕೊಟ್ಟು ನಡೆಯಿತು. ಸುಟ್ಟ ಎಣ್ಣೆಯ ವಾಸನೆಯ ಜೊತೆಗೆ ಗುಡಿಯ ವಾಸನೆಯೂ ಎದ್ದಿತು. ಕಮತಗಿಯ ಬಾಯಿಗೆ ಮುಟ್ಟುವಷ್ಟರಲ್ಲಿ ಹತ್ತಿಯ ಗಾಡಿ ಸಿಕ್ಕಿತು. ರಾಜಮಹ್ಮದ ಅದನ್ನು ದಾಟುವಾಗ ಹಾರ್ನು ಒತ್ತಿದ್ದು ಅಗತ್ಯಕ್ಕಿಂತ ಬಹಳ ಹೆಚ್ಚು. ಬಸಯ್ಯ ಹಿಂದೆ ತಿರುಗಿ ಗಾಡಿಯವನಿಗೆ ಒದರಿದ: "ನಡೀತೈತೋ, ನಡೀತೈತಿ! ಹಾಡೂದೂ ಮಾಡ್ತೈತಿ!"

ಶಿರೂರು ಬಂತು, ಹೋಯಿತು. ಗೇರು ಬದಲಿಸಿದ್ದು ಒಮ್ಮೆಯೂ ಕಟಕಟ ಅನ್ನಲಿಲ್ಲ. ಶಂಕ್ರಪ್ಪ ಈಗ ರಾಜಮಹ್ಮದನ ಕಾಲು ನೋಡುವುದನ್ನು ಬಿಟ್ಟು ಹೊಲಗಳನ್ನು ನೋಡುತ್ತಿದ್ದ. ಹಿಂದೆ ಶಿವಬಸವ್ವ ನಿದ್ದೆಗೆ ತೂಗುತ್ತಿದ್ದಳು. ಮೋಟಾರಿನಲ್ಲಿ ಆಕೆ ನಿದ್ದೆ ಮಾಡಿದ್ದು ಅದೇ ಮೊದಲು.

ಬಾಗಲಕೋಟೆಯ ಟೇಸನ್ನಿನ ಮುಂದೆ ಮೋಟಾರು ನಿಂತಾಗ ರೈಲುಗಾಡಿಯ ಹೊಗೆ ದೂರದಲ್ಲಿ ಕಾಣುತ್ತಿತ್ತು. ಹಮಾಲರು, ಟಾಂಗಾದವರು, ಕೆಲಸವಿಲ್ಲದವರು ಎಲ್ಲರೂ ಸುತ್ತ ನೆರೆದರು. ಅವರೊಳಗೆ ಇಳಕಲ್ಲಿನ ವ್ಯಾಪಾರಸ್ಥರೂ ಇದ್ದರು. ಹಮಾಲನೊಬ್ಬ ಆಗಲೇ "ಇಂವನ ಏನ್ರಿ ಗೊರಸು?" ಎಂದು ಕೇಳಿದ. ಮಾತು ಮೋಟಾರಿಗಿಂತ ಮುಂಚೆ ಬಂದು ಮುಟ್ಟಿತ್ತು.

ಶಂಕ್ರಪ್ಪ ಇಳಿದು, ಎಲ್ಲರಿಗೂ ಕೇಳುವಂತೆ ಅಂದ: "ರಾಜಾ, ನಾಳೆ ಸೀರಿ ಗಂಟು ಹೇರೂದೈತಿ, ಲಗೂನ ಬಾ. ಗದಗಿನವನು ಗದಗಿನ್ಯಾಗ ಇರ್ಲಿ."

ರಾಜಮಹ್ಮದನ ಎದೆಯೊಳಗೆ ಇಂಜನ್ನು ಹೊತ್ತಿಕೊಂಡಿತು. ಸೀಟು ಉಳಿಯಿತು. ಅವನು ಏನೋ ಹೇಳಬೇಕೆನ್ನುವಷ್ಟರಲ್ಲಿ ಶಿವಬಸವ್ವ ಉಂಡಿಯ ಡಬ್ಬಿ ಹಮಾಲನ ತಲೆಗೆ ಹೊರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೋಡ್ರೆಪಾ ಎಲ್ಲಾರೂ! ಏರಿನ್ಯಾಗ ನಿಂತ ಮೋಟಾರ ನನ್ನ ವಿಭೂತಿಲೆ ನಡೀತು. ಅಷ್ಟ ಅಲ್ಲ. ಅಮಾಸಿಗೊಮ್ಮಿ ಅದರ ಹೊಟ್ಟಿಗೆ ಒಂದು ಗಿಂಡಿ ಕುಸಬಿ ಎಣ್ಣಿ ಹಾಕ್ತೇನಿ ನಾ, ಯಾರಿಗೂ ಗೊತ್ತಿಲ್ಲ. ಆ ಎಣ್ಣಿ ಪುಣ್ಯದಿಂದನ ಇಷ್ಟು ದಿನ ಇವನ ಕೈಯಾಗ ಅದು ಬದುಕೇತಿ. ಮುಂದಿನ ಅಮಾಸಿಗೆ ಎರಡು ಗಿಂಡಿ ಹಾಕ್ತೇನಿ. ಏನಂತೀಯೋ ಗೊರಸಾ?"

ಜನ ಹೋ ಎಂದು ನಕ್ಕರು. ಬಸಯ್ಯ ಕತ್ತು ಮುಂದೆ ಚಾಚಿ, ಉತ್ತರಕ್ಕೆ ಕಿವಿ ತೆರೆದು ನಿಂತ. ಮುದುಕಿಯ ಕಣ್ಣಲ್ಲಿ ಬೈಗುಳ ಇರಲಿಲ್ಲ, ಮೊಮ್ಮಗನಿಗೆ ಹೆಸರಿಡಲು ಹೊರಟ ಸಡಗರದಲ್ಲಿ ಇವನಿಗೂ ಒಂದು ಹೆಸರು ಇಟ್ಟಂತೆ ನಗುತ್ತಿದ್ದಳು.

ರಾಜಮಹ್ಮದನ ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯಿತು. ಕುಸುಬೆ, ಅರಿಷಿಣ, ಅಕ್ಷತೆ, ಹಂಚಿನಂಥ ಚರ್ಮ, ಎಲ್ಲ ಸೇರಿ ಹದವಾಗಿ ಕೂತ ಉತ್ತರ. ಅಪ್ಪ ಕೇಳಿದ್ದ ಬೇಕೂಫ ಯಾರೆಂಬುದೂ ಅದರಲ್ಲಿತ್ತು. ಒಂದು ಸಲ ಬಿಟ್ಟರೆ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಜನ ವರ್ಷಗಟ್ಟಲೆ ಹೇಳಿಕೊಂಡು ನಗುವಂಥದು.

ಅವನು ಪೆಡಲು ತುಳಿದಂತೆ ನಾಲಿಗೆಯನ್ನು ತುಳಿದು ಹಿಡಿದ. ಕಾಲಡಿಯ ಹಲಗೆಯ ಖಾಲಿ ಕೊಂಡಿಯನ್ನು ಒಮ್ಮೆ ಬಗ್ಗಿ ನೋಡಿ, ಹೆಬ್ಬೆರಳು ತೋರುಬೆರಳಿನಿಂದ ಅದರ ಅಳತೆ ತೆಗೆದುಕೊಂಡ. ಆ ಎರಡು ಬೆರಳನ್ನು ಹಾಗೆಯೇ ಹಿಡಿದುಕೊಂಡು, ನಗುವ ಜನರ ನಡುವೆ ದಾರಿ ಮಾಡಿಕೊಂಡು, ಒಂದು ಮಾತೂ ಆಡದೆ, ಬಜಾರಿನ ಕಡೆ, ಬೀಗ ಮಾರುವ ಅಂಗಡಿಯ ದಿಕ್ಕಿಗೆ ನಡೆದುಬಿಟ್ಟ.